ಕೊಲೆಯೆಂದು ಕರೆಯಲಾಗದ ಸಾವು: ಆಪಾದಿತನ ಪರ ಕಾನೂನು ಏನು ಹೇಳುತ್ತದೆ?

(ಸಂಘದ ವಾರ್ಷಿಕ ಸಮಾವೇಶದ ವಿದ್ಯಾರ್ಥಿ ಗೋಷ್ಠಿಯಲ್ಲಿ ವಕೀಲರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)



ಕಾನೂನು ಶಿಕ್ಷಣದ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಗಳು ಕೇಳಿದ್ದರು. ಯಾವ ಕಾಲೇಜು, ಎಷ್ಟು ವರ್ಷ, ಎಷ್ಟು ಶುಲ್ಕ ಎಂಬುದೆಲ್ಲ ನಿಮಗೆ ಬೇರೆ ಕಡೆ ಸಿಗುತ್ತದೆ. ಅದರ ಬದಲು, ನ್ಯಾಯಾಲಯದಲ್ಲಿ ದಿನವೂ ನಡೆಯುವ ಆದರೆ ಹೊರಗಿನವರಿಗೆ ಸರಿಯಾಗಿ ಅರ್ಥವಾಗದ ಒಂದೇ ವಿಷಯವನ್ನು ಎತ್ತಿಕೊಳ್ಳುತ್ತೇನೆ. ಒಬ್ಬನ ಕೈಯಿಂದ ಇನ್ನೊಬ್ಬನ ಪ್ರಾಣ ಹೋಗಿದೆ. ಕೊಲ್ಲಬೇಕೆಂದು ಹೊರಟವನಲ್ಲ. ಆದರೂ ಹೆಣ ಬಿದ್ದಿದೆ. ಊರಿನವರ ಬಾಯಲ್ಲಿ ಅದು ‘ಮರ್ಡರ್ ಕೇಸು’. ಕಾನೂನಿನ ಕಣ್ಣಲ್ಲಿ ಅದು ಕೊಲೆಯೇ, ನರಹತ್ಯೆಯೇ, ಅಜಾಗರೂಕತೆಯೇ, ಅಥವಾ ಅಪರಾಧವೇ ಅಲ್ಲವೇ? ಈ ನಾಲ್ಕರಲ್ಲಿ ಯಾವುದು ಎಂಬುದರ ಮೇಲೆ ಒಬ್ಬ ಮನುಷ್ಯನ ಇಡೀ ಆಯುಷ್ಯ ನಿಂತಿರುತ್ತದೆ.

ಇಂಗ್ಲೆಂಡ್, ಅಮೆರಿಕಗಳಲ್ಲಿ ಇದಕ್ಕೆ ‘ಮ್ಯಾನ್‌ಸ್ಲಾಟರ್’ ಎನ್ನುತ್ತಾರೆ. ನಮ್ಮ ಕಾನೂನಿನಲ್ಲಿ ಆ ಪದವಿಲ್ಲ. ‘ಕೊಲೆ ಎನಿಸದ ಅಪರಾಧಿಕ ನರಹತ್ಯೆ’ ಎಂಬುದು ನಮ್ಮ ಮಾತು. 1860ರ ಭಾರತೀಯ ದಂಡ ಸಂಹಿತೆಯಲ್ಲಿ 299, 300, 304 ಮತ್ತು 304ಎ ಕಲಮುಗಳು ಈ ವಿಷಯದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಅವೇ ಕ್ರಮವಾಗಿ 100, 101, 105 ಮತ್ತು 106 ಆಗಿವೆ. ಸಂಖ್ಯೆ ಬದಲಾಯಿತು, ಒಳಗಿನ ತಿರುಳು ಬಹುಮಟ್ಟಿಗೆ ಹಾಗೇ ಉಳಿಯಿತು. ಆ ದಿನಾಂಕಕ್ಕಿಂತ ಮೊದಲು ನಡೆದ ಘಟನೆಗಳಿಗೆ ಹಳೆಯ ಸಂಹಿತೆಯೇ ಅನ್ವಯ. ಆದ್ದರಿಂದ ಇನ್ನೂ ಹಲವು ವರ್ಷ ವಕೀಲರು ಎರಡೂ ಪುಸ್ತಕಗಳನ್ನು ಚೀಲದಲ್ಲಿ ಇಟ್ಟುಕೊಂಡೇ ಓಡಾಡಬೇಕು.

ಶಿಕ್ಷೆಯ ಅಂತರವನ್ನು ಮೊದಲು ಗಮನಿಸಿ. ಕೊಲೆ ಎಂದಾದರೆ ಮರಣದಂಡನೆ ಅಥವಾ ಜೀವಾವಧಿ, ಅದಕ್ಕಿಂತ ಕಡಿಮೆ ಕೊಡಲು ನ್ಯಾಯಾಧೀಶರಿಗೆ ಅಧಿಕಾರವಿಲ್ಲ. ನರಹತ್ಯೆಯಲ್ಲಿ ಎರಡು ಭಾಗ. ಸಾವು ಬರಬಹುದಾದಂಥ ಗಾಯ ಮಾಡುವ ಉದ್ದೇಶವಿತ್ತು ಎಂದಾದರೆ ಜೀವಾವಧಿ, ಇಲ್ಲವೇ ಹೊಸ ಸಂಹಿತೆಯಂತೆ 5ರಿಂದ 10 ವರ್ಷ. ಉದ್ದೇಶವಿರಲಿಲ್ಲ, ಸಾವು ಸಂಭವಿಸಬಹುದೆಂಬ ಅರಿವು ಮಾತ್ರ ಇತ್ತು ಎಂದಾದರೆ ಹೆಚ್ಚೆಂದರೆ 10 ವರ್ಷ. ಬರೀ ಅಜಾಗರೂಕತೆಯಿಂದ ಆದ ಸಾವಿಗೆ ಹಳೆಯ ಕಾನೂನಿನಲ್ಲಿ ಗರಿಷ್ಠ 2 ವರ್ಷ ಇತ್ತು, ಈಗ 5 ವರ್ಷ. ಸತ್ತವನು ಒಬ್ಬನೇ, ಅವನ ಮನೆಯ ದುಃಖವೂ ಒಂದೇ. ಆದರೆ ಮಾಡಿದವನ ಮನಸ್ಸಿನಲ್ಲಿ ಆ ಗಳಿಗೆಯಲ್ಲಿ ಏನಿತ್ತು ಎಂಬುದರಿಂದ ನೇಣಿನ ಹಗ್ಗ ಮತ್ತು ಎರಡು ವರ್ಷದ ಸೆರೆ ಬೇರೆಯಾಗುತ್ತವೆ. ಕ್ರಿಮಿನಲ್ ವಕೀಲನ ಕೆಲಸವೆಲ್ಲ ಇರುವುದು ಈ ಅಂತರದಲ್ಲಿಯೇ.

ಮನಸ್ಸಿನೊಳಗೆ ಇಣುಕಿ ನೋಡಿದವರು ಯಾರು? ಈ ಪ್ರಶ್ನೆ ಹೊಸದೇನಲ್ಲ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿ ಬಂಗಾಳದ ಫೌಜದಾರಿ ನ್ಯಾಯಾಲಯಗಳು ಇಸ್ಲಾಮೀ ಕಾನೂನಿನಂತೆಯೇ ವಿಚಾರಣೆ ನಡೆಸುತ್ತಿದ್ದವು. ಇಮಾಮ್ ಅಬೂ ಹನೀಫಾ ಅವರು ಬಳಸಿದ ಆಯುಧವನ್ನು ನೋಡಿ ಉದ್ದೇಶವನ್ನು ತಿಳಿಯಬೇಕೆಂದಿದ್ದರು. ಕತ್ತಿಯಂಥ ಹರಿತವಾದ ಆಯುಧವಾದರೆ ಉದ್ದೇಶ ಸ್ಪಷ್ಟ, ಕೋಲಿನಂಥದಾದರೆ ಅಲ್ಲ ಎಂಬುದು ಅದರ ಸ್ಥೂಲ ಅರ್ಥ. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಇದನ್ನು ಪೂರ್ತಿ ಒಪ್ಪಲಿಲ್ಲ. 1790ರಲ್ಲಿ ಕಾರ್ನ್‌ವಾಲಿಸ್ ತಂದ ನಿಯಮಾವಳಿ ಶಿಷ್ಯರ ಅಭಿಪ್ರಾಯವನ್ನು ಹಿಡಿದು, ಆಯುಧಕ್ಕಿಂತ ಉದ್ದೇಶವನ್ನು ನೋಡಬೇಕು ಎಂದು ಹೇಳಿತು. ಸತ್ತವನ ವಾರಸುದಾರರು ಕ್ಷಮಿಸಿದರೂ ಶಿಕ್ಷೆ ತಪ್ಪದು ಎಂಬುದೂ ಅಲ್ಲಿಂದಲೇ ಬಂತು. ಈ ಎರಡನೆಯ ಮಾತಿಗೆ ಮುಂದೆ ಬರುತ್ತೇನೆ. ಇಂದಿಗೂ ಸೆಷನ್ಸ್ ನ್ಯಾಯಾಲಯದಲ್ಲಿ ಆಯುಧ ಯಾವುದು, ಅದು ಕೈಗೆ ಸಿಕ್ಕಿದ್ದೋ ಮನೆಯಿಂದ ತಂದದ್ದೋ, ಏಟು ಬಿದ್ದದ್ದು ತಲೆಗೋ ಕಾಲಿಗೋ ಎಂದು ಗಂಟೆಗಟ್ಟಲೆ ಪಾಟೀಸವಾಲು ನಡೆಯುವುದನ್ನು ಕಂಡಾಗ ಆ ಹಳೆಯ ಫಿಕ್ಹ್ ಚರ್ಚೆ ನೆನಪಾಗದೆ ಇರದು.

ಒಂದು ಹಳೆಯ ಪ್ರಕರಣ ಹೇಳುತ್ತೇನೆ. 1876ರಲ್ಲಿ ಬೊಂಬಾಯಿ ಹೈಕೋರ್ಟಿನ ಮುಂದೆ ಬಂದದ್ದು, ಗೋವಿಂದ ಎಂಬವನದು. ಗಂಡನಿಗೆ 18, ಹೆಂಡತಿಗೆ 15 ವಯಸ್ಸು. ಅವನು ಅವಳನ್ನು ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಮುಖಕ್ಕೆ ಎರಡು ಮೂರು ಸಲ ಮುಷ್ಟಿಯಿಂದ ಗುದ್ದಿದ. ಮಿದುಳಿನಲ್ಲಿ ರಕ್ತ ಸೋರಿ ಅವಳು ಸತ್ತಳು. ಕ್ರೂರ ಕೃತ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಯುಧವಿರಲಿಲ್ಲ, ಕೊಲ್ಲುವ ಉದ್ದೇಶ ತೋರಲಿಲ್ಲ, ಆ ಗುದ್ದುಗಳು ಸಹಜವಾಗಿ ಸಾವನ್ನೇ ತರುವಂಥವೂ ಆಗಿರಲಿಲ್ಲ ಎಂದು ನ್ಯಾಯಮೂರ್ತಿ ಮೆಲ್ವಿಲ್ ಅದನ್ನು ಕೊಲೆಯಲ್ಲದ ನರಹತ್ಯೆ ಎಂದರು. ಇಂದಿಗೂ ಕಾನೂನು ವಿದ್ಯಾರ್ಥಿಗಳು 299 ಮತ್ತು 300ರ ವ್ಯತ್ಯಾಸವನ್ನು ಕಲಿಯುವುದು ಈ ತೀರ್ಪಿನಿಂದಲೇ.

ಇದನ್ನು ಕೇಳಿ ‘ಹಾಗಾದರೆ ಒಂದೇ ಏಟು ಹೊಡೆದರೆ ಕೊಲೆಯಲ್ಲ’ ಎಂದುಕೊಳ್ಳಬೇಡಿ. ನ್ಯಾಯಾಲಯದ ಆವರಣದಲ್ಲಿ ಆಪಾದಿತನ ಬಂಧುಗಳು ಪದೇ ಪದೇ ಹೇಳುವ ಮಾತು ಅದು: ‘ಸಾರ್, ಒಂದೇ ಏಟು ಸಾರ್.’ 1958ರಲ್ಲಿ ವಿರ್ಸಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿಯೂ ಭರ್ಜಿಯ ಒಂದೇ ತಿವಿತ, ಹೊಟ್ಟೆಗೆ. ಮರುದಿನ ಗಾಯಾಳು ಸತ್ತ. ನ್ಯಾಯಮೂರ್ತಿ ವಿವಿಯನ್ ಬೋಸ್ ಕೇಳಿದ್ದು ಇಷ್ಟೇ: ಆ ಗಾಯವನ್ನು, ಆ ಜಾಗದಲ್ಲಿ, ಬೇಕೆಂದೇ ಮಾಡಿದನೇ, ಅಥವಾ ಅದು ಆಕಸ್ಮಿಕವಾಗಿ ಅಲ್ಲಿ ತಗುಲಿತೇ? ಬೇಕೆಂದೇ ಮಾಡಿದ್ದಾದರೆ, ಅಂಥ ಗಾಯ ಸಹಜ ಗತಿಯಲ್ಲಿ ಸಾವು ತರಲು ಸಾಕೇ ಎಂಬುದನ್ನು ವೈದ್ಯಕೀಯ ಸಾಕ್ಷ್ಯ ಹೇಳುತ್ತದೆ. ‘ಸಾಯುತ್ತಾನೆಂದು ಗೊತ್ತಿರಲಿಲ್ಲ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ವಿರ್ಸಾ ಸಿಂಗನ ಮೇಲ್ಮನವಿ ವಜಾ ಆಯಿತು, ಕೊಲೆ ಅಪರಾಧ ಸ್ಥಿರವಾಯಿತು. ಕಾಲೇಜು ಬ್ಯಾಗಿನಲ್ಲಿ ಚಾಕು ಇಟ್ಟುಕೊಳ್ಳುವುದನ್ನು ಶೌರ್ಯವೆಂದು ತಿಳಿದ ಯುವಕರು ಈ ತೀರ್ಪನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಇನ್ನು ಕೊಲೆಯನ್ನೇ ನರಹತ್ಯೆಯಾಗಿ ಇಳಿಸುವ ಐದು ವಿನಾಯಿತಿಗಳಿವೆ. ಹೆಚ್ಚು ಪ್ರಸಿದ್ಧವಾದದ್ದು ‘ಉಗ್ರ ಮತ್ತು ಹಠಾತ್ ಉದ್ರೇಕ’. ಇದಕ್ಕೆ ನಾನಾವತಿ ಪ್ರಕರಣಕ್ಕಿಂತ ಉತ್ತಮ ಪಾಠವಿಲ್ಲ. ಸಿನಿಮಾಗಳಿಂದಾಗಿ ಕಥೆ ನಿಮಗೆ ಗೊತ್ತಿರಬಹುದು, ಆದರೆ ಸಿನಿಮಾದವರು ಬಿಟ್ಟುಬಿಡುವ ವಿವರಗಳೇ ಕಾನೂನಿಗೆ ಮುಖ್ಯ.

ಕವಾಸ್ ಮಾಣೆಕ್‌ಶಾ ನಾನಾವತಿ ನೌಕಾಪಡೆಯ ಅಧಿಕಾರಿ. ಅವರಿದ್ದ ಯುದ್ಧನೌಕೆಯ ಹೆಸರು ಐಎನ್‌ಎಸ್ ಮೈಸೂರು. 1959ರ ಏಪ್ರಿಲ್ 27ರಂದು ಬೊಂಬಾಯಿಯ ಮನೆಯಲ್ಲಿ ಪತ್ನಿಯು ಪ್ರೇಮ್ ಅಹುಜಾ ಎಂಬಾತನೊಂದಿಗಿನ ಸಂಬಂಧವನ್ನು ಒಪ್ಪಿಕೊಂಡರು. ನಾನಾವತಿ ಹೆಂಡತಿ ಮಕ್ಕಳನ್ನು ಮೆಟ್ರೋ ಚಿತ್ರಮಂದಿರಕ್ಕೆ ಬಿಟ್ಟು, ಹಡಗಿಗೆ ಹೋಗಿ, ಸುಳ್ಳು ಕಾರಣ ಕೊಟ್ಟು ರಿವಾಲ್ವರ್ ಮತ್ತು ಆರು ಗುಂಡು ಪಡೆದು, ಅಹುಜಾನ ಕಚೇರಿಗೆ ಹೋದರು. ಅವನು ಅಲ್ಲಿರಲಿಲ್ಲ. ಮನೆಗೆ ಹೋದರು, ಮಲಗುವ ಕೋಣೆಗೆ ನುಗ್ಗಿದರು, ಗುಂಡು ಹಾರಿತು. ನಂತರ ಪೊಲೀಸರಿಗೆ ತಾವೇ ಶರಣಾದರು.

ಪ್ರತಿವಾದ ಎರಡು ದಾರಿಯಲ್ಲಿ ನಡೆಯಿತು. ಕೈಕೈ ಮಿಲಾಯಿಸಿದಾಗ ಆಕಸ್ಮಿಕವಾಗಿ ಗುಂಡು ಹಾರಿತು ಎಂಬುದು ಒಂದು. ಹಾಗಲ್ಲದಿದ್ದರೂ ಉದ್ರೇಕದಲ್ಲಿ ನಡೆದದ್ದು, ಹಾಗಾಗಿ ಕೊಲೆಯಲ್ಲ ಎಂಬುದು ಇನ್ನೊಂದು. ಅಹುಜಾ ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಬಂದಿದ್ದ. ಹೆಣದ ಮೇಲೆ ಆ ಟವೆಲ್ ಬಿಚ್ಚದೆ ಹಾಗೇ ಇತ್ತು. ಹೊಯ್‌ಕೈ ನಡೆದಿದ್ದರೆ ಸೊಂಟಕ್ಕೆ ಸುತ್ತಿದ ಟವೆಲ್ ನಿಲ್ಲುವುದುಂಟೇ? ನೋಡಿ, ಎಷ್ಟು ದೊಡ್ಡ ವಕೀಲರು ನಿಂತರೂ ಒಂದು ತುಂಡು ಬಟ್ಟೆ ಇಡೀ ವಾದವನ್ನು ಅಲುಗಿಸುತ್ತದೆ. ಜ್ಯೂರಿಯ ಎಂಟು ಮಂದಿ ನಿರ್ದೋಷಿ ಎಂದರು, ಒಬ್ಬರು ಮಾತ್ರ ದೋಷಿ ಎಂದರು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಹೈಕೋರ್ಟ್ ಕೊಲೆ ಎಂದು ಜೀವಾವಧಿ ವಿಧಿಸಿತು. 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಸುಪ್ರೀಂ ಕೋರ್ಟಿನ ಲೆಕ್ಕ ಬಹಳ ಸರಳ. ನಾನಾವತಿ ಮನೆ ಬಿಟ್ಟದ್ದು ಮಧ್ಯಾಹ್ನ 1-30ಕ್ಕೆ, ಗುಂಡು ಹಾರಿದ್ದು 4-20ಕ್ಕೆ. ಮನಸ್ಸು ಹತೋಟಿಗೆ ಬರಲು ಅಷ್ಟು ಸಮಯ ಸಾಕು. ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಡುವಷ್ಟು, ಸುಳ್ಳು ಹೇಳಿ ಬಂದೂಕು ಪಡೆಯುವಷ್ಟು ಸಮಾಧಾನವಿದ್ದವನಿಗೆ ‘ಹಠಾತ್’ ಎಂಬ ಪದ ಒಪ್ಪುವುದಿಲ್ಲ. ಆದರೆ ಅದೇ ತೀರ್ಪು ಆಪಾದಿತರಿಗೆ ಉಪಕಾರಿಯಾದ ಮಾತನ್ನೂ ಹೇಳಿದೆ. ಭಾರತದಲ್ಲಿ ಮಾತು, ಸನ್ನೆಗಳೂ ಉದ್ರೇಕಕ್ಕೆ ಕಾರಣವಾಗಬಹುದು. ಆಪಾದಿತನು ಯಾವ ಸಮಾಜದವನೋ ಆ ಸಮಾಜದ ಸಾಮಾನ್ಯ ಮನುಷ್ಯನ ಅಳತೆಯಿಂದ ಅವನನ್ನು ನೋಡಬೇಕು. ಹಿಂದಿನಿಂದ ನಡೆದುಬಂದ ಕಿರುಕುಳವನ್ನೂ ಗಣನೆಗೆ ತೆಗೆದುಕೊಳ್ಳಬಹುದು. ನಾನಾವತಿಗೆ 1964ರಲ್ಲಿ ರಾಜ್ಯಪಾಲರಾಗಿದ್ದ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ನೀಡಿದರು. ಅವರ ಪರವಾಗಿ ಪತ್ರಿಕೆ ಇತ್ತು, ಜನಾಭಿಪ್ರಾಯವಿತ್ತು, ದೊಡ್ಡವರ ಪರಿಚಯವಿತ್ತು. ಅದೇ ಕೃತ್ಯವನ್ನು ಒಬ್ಬ ಹಮಾಲಿ ಮಾಡಿದ್ದರೆ ಕ್ಷಮಾದಾನದ ಕಡತ ಅಷ್ಟು ಬೇಗ ಓಡುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಊರುಗಳ ಪ್ರಕರಣಗಳಿಗೆ ಹೆಚ್ಚು ಹತ್ತಿರವಾದದ್ದು ‘ಹಠಾತ್ ಜಗಳ’ ಎಂಬ ನಾಲ್ಕನೆಯ ವಿನಾಯಿತಿ. ಹೊಲದ ಬದು, ನಲ್ಲಿ ನೀರು, ಅಂಗಡಿ ಮುಂದೆ ನಿಲ್ಲಿಸಿದ ಬೈಕು, ಕ್ರಿಕೆಟ್ ಪಂದ್ಯದ ರನ್ ಔಟ್. ಮಾತಿಗೆ ಮಾತು ಬೆಳೆದು, ಎರಡೂ ಕಡೆ ಕೈ ಎದ್ದು, ಕೈಗೆ ಸಿಕ್ಕಿದ ಕಟ್ಟಿಗೆಯಿಂದ ಒಂದು ಏಟು, ಒಬ್ಬ ನೆಲಕ್ಕೆ. ಮೊದಲು ಯಾರು ಶುರು ಮಾಡಿದರು, ಜಗಳದ ಕಾರಣವೇನು ಎಂಬುದು ಇಲ್ಲಿ ನಿರ್ಣಾಯಕವಲ್ಲ ಎಂದು 1989ರ ಸುರಿಂದರ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲೇ ಯೋಜಿಸಿರಬಾರದು, ಸಿಟ್ಟಿನ ಭರದಲ್ಲಿ ನಡೆದಿರಬೇಕು, ಎದುರಿನವನ ಅಸಹಾಯಕತೆಯ ಲಾಭ ಪಡೆದಿರಬಾರದು, ಕ್ರೂರವಾಗಿ ವರ್ತಿಸಿರಬಾರದು. ಜಗಳವಾಡಿ ಮನೆಗೆ ಹೋಗಿ ಮಚ್ಚು ತಂದವನಿಗೆ ಈ ಬಾಗಿಲು ಬಹುತೇಕ ಮುಚ್ಚಿದಂತೆಯೇ. ಬಿದ್ದವನನ್ನು ಮತ್ತೆ ಮತ್ತೆ ಹೊಡೆದವನಿಗೂ ಅಷ್ಟೇ.

ಇವೆಲ್ಲ ಶಿಕ್ಷೆಯನ್ನು ಇಳಿಸುವ ದಾರಿಗಳು. ಪೂರ್ತಿ ಬಿಡುಗಡೆಯ ದಾರಿ ಆತ್ಮರಕ್ಷಣೆ. ಹೊಸ ಸಂಹಿತೆಯ 34ರಿಂದ 44ನೇ ಕಲಮುಗಳು ಇದನ್ನು ವಿವರಿಸುತ್ತವೆ. ಸಾವು ಅಥವಾ ತೀವ್ರ ಗಾಯದ ಭಯ ನ್ಯಾಯಸಮ್ಮತವಾಗಿ ಇದ್ದಾಗ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯಂಥ ಸಂದರ್ಭಗಳಲ್ಲಿ, ಎದುರಾಳಿಯ ಪ್ರಾಣ ಹೋದರೂ ಅದು ಅಪರಾಧವಲ್ಲ. ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ತಿಳಿದಿರಬೇಕು. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕನ್ನು ವಿಸ್ತಾರವಾಗಿ ವಿವರಿಸಿದೆ. ಪ್ರಾಣಭಯದಲ್ಲಿರುವವನು ತನ್ನ ಏಟನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ ಹಾಕಬೇಕೆಂದು ಕಾನೂನು ನಿರೀಕ್ಷಿಸುವುದಿಲ್ಲ. ಆದರೆ ಅಪಾಯ ಮುಗಿದ ಗಳಿಗೆಗೆ ಹಕ್ಕೂ ಮುಗಿಯುತ್ತದೆ. ಓಡುತ್ತಿರುವವನ ಬೆನ್ನಟ್ಟಿ ಹೊಡೆದದ್ದು ರಕ್ಷಣೆಯಲ್ಲ, ಸೇಡು. ಹಕ್ಕು ಇತ್ತು, ಸದ್ಭಾವನೆಯಿಂದಲೇ ಅದರ ಎಲ್ಲೆ ಮೀರಿದ ಎಂದಾದರೆ ಮತ್ತೆ ಕೊಲೆಯಲ್ಲದ ನರಹತ್ಯೆಗೆ ಬರುತ್ತೇವೆ. ಐದು ವಿನಾಯಿತಿಗಳಲ್ಲಿ ಎರಡನೆಯದು ಇದೇ.

ಇಲ್ಲಿ ಸಾಮಾನ್ಯರಿಗೆ ತಿಳಿಯದ ಎರಡು ವಿಷಯಗಳಿವೆ. ಪ್ರಾಸಿಕ್ಯೂಷನ್ ತನ್ನ ಆರೋಪವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಬೇಕು. ವಿನಾಯಿತಿ ಕೇಳುವ ಆಪಾದಿತನ ಮೇಲೂ ಸಾಕ್ಷ್ಯ ಕಾನೂನು ಒಂದು ಹೊರೆ ಹೊರಿಸುತ್ತದೆ ನಿಜ. ಆದರೆ ಅದು ಅಷ್ಟು ಭಾರದ್ದಲ್ಲ. ತನ್ನ ಮಾತು ಸಂಭವನೀಯ ಎಂದು ತೋರಿಸಿದರೆ ಸಾಕು ಎಂದು 1964ರ ದಹ್ಯಾಭಾಯಿ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ. ಆತ್ಮರಕ್ಷಣೆಯ ವಾದವನ್ನು ಆಪಾದಿತನು ಬಾಯಿಬಿಟ್ಟು ಎತ್ತದಿದ್ದರೂ, ಪ್ರಾಸಿಕ್ಯೂಷನ್ ಸಾಕ್ಷಿಗಳ ಮಾತಿನಿಂದಲೇ ಅದು ಹೊರಬಂದರೆ ನ್ಯಾಯಾಲಯ ಪರಿಗಣಿಸಬಹುದು. ಇದು 1968ರ ಮುನ್ಷಿ ರಾಮ್ ತೀರ್ಪು. ಎರಡನೆಯದು ಆಪಾದಿತನ ಮೈಮೇಲಿನ ಗಾಯ. ಅವನಿಗೂ ಗಣನೀಯ ಗಾಯಗಳಾಗಿದ್ದು ಪ್ರಾಸಿಕ್ಯೂಷನ್ ಅದನ್ನು ವಿವರಿಸದೆ ಮುಚ್ಚಿಟ್ಟರೆ, ಘಟನೆಯ ನಿಜವಾದ ಮೂಲವನ್ನೇ ಮರೆಮಾಚಿದ್ದಾರೆಂದು ಭಾವಿಸಬಹುದು ಎಂದು 1976ರ ಲಕ್ಷ್ಮಿ ಸಿಂಗ್ ಪ್ರಕರಣ ಹೇಳುತ್ತದೆ. ಆದ್ದರಿಂದ ಬಂಧನವಾದ ಕೂಡಲೇ ಸರ್ಕಾರಿ ವೈದ್ಯರ ಮುಂದೆ ಪ್ರತಿಯೊಂದು ಗಾಯವನ್ನೂ ತೋರಿಸಿ ಬರೆಸಿಕೊಳ್ಳಬೇಕು. ಹದಿನೈದು ದಿನ ಕಳೆದ ಮೇಲೆ ಗಾಯ ಮಾಯುತ್ತದೆ, ಅದರೊಂದಿಗೆ ಆತ್ಮರಕ್ಷಣೆಯ ಪುರಾವೆಯೂ ಮಾಯುತ್ತದೆ.

ವಾದವನ್ನು ಆರಿಸಿಕೊಳ್ಳುವುದರಲ್ಲಿ ಎಚ್ಚರ ಬೇಕು. ‘ನಾನು ಅಲ್ಲಿ ಇರಲೇ ಇಲ್ಲ’ ಎಂಬುದು ಒಂದು ವಾದ. ‘ನಾನೇ ಹೊಡೆದೆ, ಆದರೆ ಪ್ರಾಣಭಯದಿಂದ’ ಎಂಬುದು ಇನ್ನೊಂದು. ಎರಡು ದೋಣಿಯಲ್ಲಿ ಕಾಲಿಟ್ಟವನು ನಡುನೀರಿಗೆ ಬೀಳುತ್ತಾನೆ. ಊರಿನ ಹಿರಿಯರು ಅನೇಕ ಸಲ ‘ಸುಮ್ಮನೆ ಇಲ್ಲವೆಂದುಬಿಡು’ ಎಂದು ಹುಡುಗನಿಗೆ ಬುದ್ಧಿ ಹೇಳುತ್ತಾರೆ. ಮೊಬೈಲ್ ಟವರ್ ದಾಖಲೆ, ಅಂಗಡಿಯ ಸಿಸಿಟಿವಿ ಎರಡೂ ಅವನನ್ನು ಅಲ್ಲೇ ತೋರಿಸುತ್ತವೆ. ಆಗ ನಿಜವಾಗಿಯೂ ಆತ್ಮರಕ್ಷಣೆಗಾಗಿ ಹೊಡೆದವನ ಮಾತನ್ನೂ ಯಾರೂ ನಂಬದಂತಾಗುತ್ತದೆ.

ಅಜಾಗರೂಕತೆಯ ಸಾವುಗಳ ಬಗ್ಗೆ ಹೇಳಬೇಕಾದ್ದು ಬಹಳ ಇದೆ, ಯಾಕೆಂದರೆ ಮರ್ಯಾದಸ್ಥ ಕುಟುಂಬಗಳು ನ್ಯಾಯಾಲಯದ ಮೆಟ್ಟಿಲು ಹತ್ತುವುದು ಹೆಚ್ಚಾಗಿ ಇದರಿಂದಲೇ. ಮಲೆನಾಡಿನಲ್ಲಿ ಕಾಡುಹಂದಿ ಬರುತ್ತದೆಂದು ತೋಟದ ಬೇಲಿಗೆ ನೇರ ವಿದ್ಯುತ್ ಹರಿಸುವವರಿದ್ದಾರೆ. ‘ನನ್ನ ಜಾಗ, ನನ್ನ ಬೇಲಿ, ಅವನು ಯಾಕೆ ಬಂದ?’ ಎಂಬ ವಾದ ನಡೆಯುವುದಿಲ್ಲ. ಬಿಹಾರದಲ್ಲಿ ಒಬ್ಬ ತನ್ನ ಶೌಚಾಲಯವನ್ನು ಅಕ್ಕಪಕ್ಕದವರು ಬಳಸದಂತೆ ವಿದ್ಯುತ್ ತಂತಿ ಎಳೆದಿದ್ದ. ಒಬ್ಬ ಹೆಂಗಸು ತಾಗಿ ಸತ್ತಳು. ಆಸ್ತಿ ರಕ್ಷಣೆಯ ಹಕ್ಕು ಎಂದು ವಾದಿಸಿದ. ಚೆರುಬಿನ್ ಗ್ರೆಗರಿ ಎಂಬ ಹೆಸರಿನ ಆ ಪ್ರಕರಣದಲ್ಲಿ 1963ರಲ್ಲಿ ಸುಪ್ರೀಂ ಕೋರ್ಟ್ ಅವನ ಶಿಕ್ಷೆಯನ್ನು ಖಾಯಂ ಮಾಡಿತು. ಅತಿಕ್ರಮಣ ಮಾಡಿದವನಿಗಾಗಿ ಗುಪ್ತವಾಗಿ ಮರಣದ ಬಲೆ ಒಡ್ಡಲು ಯಾರಿಗೂ ಹಕ್ಕಿಲ್ಲ.

ವೈದ್ಯರ ವಿಷಯ ಬೇರೆ. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, ಲೂಧಿಯಾನದ ಆಸ್ಪತ್ರೆಯೊಂದರಲ್ಲಿ ಉಸಿರಾಟದ ತೊಂದರೆಯಿದ್ದ ರೋಗಿಗೆ ತಂದ ಆಮ್ಲಜನಕದ ಸಿಲಿಂಡರ್ ಖಾಲಿಯಾಗಿತ್ತು. ರೋಗಿ ತೀರಿಕೊಂಡರು. ವೈದ್ಯರ ಮೇಲಿನ ಕ್ರಿಮಿನಲ್ ಪ್ರಕರಣವನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಪರಿಹಾರ ಕೊಡಬೇಕಾದ ಸಾಮಾನ್ಯ ನಿರ್ಲಕ್ಷ್ಯ ಬೇರೆ, ಜೈಲಿಗೆ ಕಳುಹಿಸಬೇಕಾದ ತೀವ್ರ ನಿರ್ಲಕ್ಷ್ಯ ಬೇರೆ, ಮತ್ತೊಬ್ಬ ಸಮರ್ಥ ವೈದ್ಯರ ಅಭಿಪ್ರಾಯ ಪಡೆಯದೆ ವೈದ್ಯರ ಮೇಲೆ ಮುಂದುವರಿಯಬಾರದು ಎಂದಿತು. ಹೊಸ ಸಂಹಿತೆಯಲ್ಲಿಯೂ ನೋಂದಾಯಿತ ವೈದ್ಯರಿಗೆ ಗರಿಷ್ಠ ಶಿಕ್ಷೆ 2 ವರ್ಷವೇ ಇದೆ.

ವಾಹನ ಚಲಾಯಿಸುವ ಯುವಕರು ಮಾತ್ರ ಹಾಗೆ ಸುಲಭವಾಗಿ ಪಾರಾಗುವ ಕಾಲ ಹೋಯಿತು. ಹಿಂದೆ ಎಂಥ ಅಪಘಾತವಾದರೂ 304ಎ, ಠಾಣೆಯಲ್ಲೇ ಜಾಮೀನು. 2006ರ ನವೆಂಬರಿನಲ್ಲಿ ಮುಂಬೈಯ ಕಾರ್ಟರ್ ರಸ್ತೆಯಲ್ಲಿ ಕುಡಿದು ಕಾರು ಓಡಿಸಿದ ಯುವಕನೊಬ್ಬ ಕಾಲುದಾರಿಯಲ್ಲಿ ಮಲಗಿದ್ದ ಏಳು ಮಂದಿ ಕೂಲಿಕಾರರ ಪ್ರಾಣ ತೆಗೆದ. ವಿಚಾರಣಾ ನ್ಯಾಯಾಲಯ ಅಜಾಗರೂಕತೆ ಎಂದಿತ್ತು. ಹೈಕೋರ್ಟ್ ಅದನ್ನು 304ರ ಎರಡನೇ ಭಾಗಕ್ಕೆ ಏರಿಸಿ 3 ವರ್ಷ ವಿಧಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಕುಡಿದು ಅಷ್ಟು ವೇಗದಲ್ಲಿ ಓಡಿಸಿದರೆ ಜನ ಸಾಯಬಹುದು ಎಂಬ ಅರಿವು ಅವನಿಗಿತ್ತು ಎಂಬುದೇ ಕಾರಣ. ಅಂದರೆ ರಸ್ತೆಯ ಸಾವಿನಲ್ಲಿ ಈಗ ವಕೀಲನ ಹೋರಾಟವೆಲ್ಲ ‘ಅರಿವು’ ಎಂಬ ಒಂದು ಪದದ ಸುತ್ತ. ಅಪಘಾತ ಮಾಡಿ ಪೊಲೀಸರಿಗೂ ಮ್ಯಾಜಿಸ್ಟ್ರೇಟರಿಗೂ ತಿಳಿಸದೆ ಓಡಿಹೋದವನಿಗೆ 10 ವರ್ಷದವರೆಗೆ ಶಿಕ್ಷೆ ಎಂಬ 106ರ ಎರಡನೇ ಉಪಕಲಮನ್ನು ಹೊಸ ಸಂಹಿತೆಯಲ್ಲಿ ಸೇರಿಸಿದರು. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದರು. ಜುಲೈ 1ರಂದು ಉಳಿದ ಕಲಮುಗಳು ಜಾರಿಯಾದಾಗ ಅದೊಂದನ್ನು ತಡೆಹಿಡಿಯಲಾಯಿತು. ಆದರೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವ ಹೊಣೆ ಮೋಟಾರು ವಾಹನ ಕಾಯ್ದೆಯಲ್ಲಿ ಎಂದಿನಿಂದಲೂ ಇದೆ. ಹೊತ್ತುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ ಚಾಲಕನನ್ನೂ, ಬಿಟ್ಟು ಓಡಿದವನನ್ನೂ ಯಾವ ನ್ಯಾಯಾಧೀಶರೂ ಒಂದೇ ಕಣ್ಣಿನಿಂದ ನೋಡುವುದಿಲ್ಲ.

ಪಾಲಕರಿಗೊಂದು ಮಾತು. ಹದಿನೆಂಟು ತುಂಬದ ಮಗನ ಕೈಗೆ ಬೈಕಿನ ಕೀಲಿ ಕೊಟ್ಟು ಅವನಿಂದ ಅಪರಾಧವಾದರೆ, 2019ರ ತಿದ್ದುಪಡಿಯಂತೆ ತಂದೆಗೆ ಅಥವಾ ವಾಹನದ ಮಾಲೀಕನಿಗೆ 3 ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ. ಹುಡುಗನ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಕನಿಷ್ಠ 7 ವರ್ಷ ಶಿಕ್ಷೆಯಿರುವ ‘ಘೋರ’ ಅಪರಾಧವಾದರೆ ಮಾತ್ರ 16 ದಾಟಿದವನನ್ನು ವಯಸ್ಕನಂತೆ ವಿಚಾರಿಸಬಹುದು. ನರಹತ್ಯೆಯ ಕಲಮಿಗೆ ಅಂಥ ಕನಿಷ್ಠ ಶಿಕ್ಷೆ ಇಲ್ಲವಾದ್ದರಿಂದ ಅದು ಆ ವರ್ಗಕ್ಕೆ ಸೇರುವುದಿಲ್ಲ ಎಂದು 2020ರಲ್ಲಿ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ತೀರ್ಪಾಗಿದೆ.

ಈಗ ಮೊದಲು ಬಿಟ್ಟ ಮಾತಿಗೆ ಬರುತ್ತೇನೆ. ‘ಸತ್ತವರ ಮನೆಯವರು ಮಾಫಿ ಮಾಡಿದ್ದಾರೆ, ಹಣವನ್ನೂ ಕೊಟ್ಟಿದ್ದೇವೆ, ಇನ್ನೇಕೆ ಕೇಸು?’ ಎಂದು ನಮ್ಮ ಸಮುದಾಯದಲ್ಲಿ ಬಹಳ ಜನ ಕೇಳುತ್ತಾರೆ. ಗಲ್ಫಿನಲ್ಲಿ ದುಡಿದು ಬಂದವರಿಗೆ ದಿಯತ್ ಗೊತ್ತು. ಸೌದಿ ಅರೇಬಿಯಾದಲ್ಲಿ 2011ರಲ್ಲಿ ಉದ್ದೇಶವಿಲ್ಲದ ಸಾವಿನ ದಿಯತನ್ನು 3 ಲಕ್ಷ ರಿಯಾಲಿಗೆ ಏರಿಸಿದರು. ರಿಯಾದಿನಲ್ಲಿ ವಿಕಲಾಂಗ ಬಾಲಕನೊಬ್ಬನ ಸಾವಿನ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕೇರಳದ ಚಾಲಕರೊಬ್ಬರಿಗಾಗಿ 2024ರಲ್ಲಿ ಜನ ಸುಮಾರು 34 ಕೋಟಿ ರೂಪಾಯಿ ಕೂಡಿಸಿದ್ದನ್ನೂ, ಆ ವರ್ಷದ ಜುಲೈಯಲ್ಲಿ ಮರಣದಂಡನೆ ರದ್ದಾದದ್ದನ್ನೂ ನೀವು ಓದಿರುತ್ತೀರಿ. ಭಾರತದಲ್ಲಿ ಆ ವ್ಯವಸ್ಥೆ ಇಲ್ಲ. ಇಲ್ಲಿ ಫಿರ್ಯಾದಿ ಸರ್ಕಾರ. ಕೊಲೆಯಾಗಲಿ ನರಹತ್ಯೆಯಾಗಲಿ ಅಜಾಗರೂಕತೆಯ ಸಾವಾಗಲಿ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿಲ್ಲ. ಸತ್ತವರ ಕುಟುಂಬಕ್ಕೆ ನೆರವಾಗುವುದು ಒಳ್ಳೆಯದೇ, ಶಿಕ್ಷೆ ನಿಗದಿಯಲ್ಲಿ ನ್ಯಾಯಾಲಯ ಅದನ್ನು ಗಮನಿಸಲೂಬಹುದು. ಆದರೆ ಹಣ ಕೊಟ್ಟು ಸಾಕ್ಷಿಯ ಬಾಯಿ ಮುಚ್ಚಿಸಹೊರಟರೆ ಅದೇ ಇನ್ನೊಂದು ಅಪರಾಧ.

ಬಂಧನವಾದಾಗ ಏನು ಮಾಡಬೇಕು? ಕಾರಣ ತಿಳಿಯುವ ಹಕ್ಕು, ವಕೀಲರನ್ನು ಕಾಣುವ ಹಕ್ಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲಿವೆ. ತನ್ನ ವಿರುದ್ಧ ತಾನೇ ಸಾಕ್ಷಿಯಾಗಬೇಕಿಲ್ಲ ಎಂಬುದು 20ನೇ ವಿಧಿಯಲ್ಲಿದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ, ಆದರೆ ಅದರ ಆಧಾರದಲ್ಲಿ ಆಯುಧ ಸಿಕ್ಕರೆ ಅಷ್ಟು ಭಾಗ ಆಗುತ್ತದೆ. ಬರೆಯದ ಖಾಲಿ ಹಾಳೆಗೆ ಸಹಿ ಹಾಕಬೇಡಿ. ಮನೆಯವರು ರಕ್ತದ ಬಟ್ಟೆ ತೊಳೆಯುವುದು, ಡ್ರೈವರನನ್ನು ಮುಂದೆ ಮಾಡಿ ‘ಇವನೇ ಓಡಿಸಿದ್ದು’ ಎನ್ನುವುದು, ಮಗನನ್ನು ನೆಂಟರ ಊರಿಗೆ ಸಾಗಿಸುವುದು, ಇವುಗಳಿಂದ ಹುಡುಗ ಉಳಿಯುವುದಿಲ್ಲ, ತಂದೆಯೂ ಆರೋಪಿಯಾಗುತ್ತಾನೆ. ಇಂಥ ಪ್ರಕರಣದಲ್ಲಿ 90 ದಿನದೊಳಗೆ ಚಾರ್ಜ್‌ಶೀಟ್ ಸಲ್ಲಿಸದಿದ್ದರೆ ಜಾಮೀನು ಆಪಾದಿತನ ಹಕ್ಕು. ಆ ದಿನಗಳನ್ನು ಯಾರಾದರೂ ಎಣಿಸುತ್ತಿರಬೇಕು, ಅರ್ಜಿಯನ್ನೂ ಹಾಕಬೇಕು. ಕೇಳದವನಿಗೆ ಅದು ತಾನಾಗಿ ಬರುವುದಿಲ್ಲ.

ದುಡ್ಡಿಲ್ಲವೇ? ಸಂವಿಧಾನದ 39ಎ ವಿಧಿ ಮತ್ತು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಇರುವುದೇ ಅದಕ್ಕಾಗಿ. ಬಂಧನದಲ್ಲಿರುವ ಯಾವುದೇ ವ್ಯಕ್ತಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರಿಗೆ ಅರ್ಹ. ಹೆಂಗಸರು ಮತ್ತು ಮಕ್ಕಳಿಗೂ ಹಾಗೆಯೇ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಚೇರಿ ಇದೆ, ತಾಲ್ಲೂಕಿನಲ್ಲಿ ಸಮಿತಿ ಇದೆ, 15100 ಎಂಬ ಸಹಾಯವಾಣಿ ಇದೆ. ಮನೆ ಅಡವಿಟ್ಟು ಮಧ್ಯವರ್ತಿಗೆ ಹಣ ಸುರಿಯುವ ಮೊದಲು ಆ ಬಾಗಿಲು ತಟ್ಟಿ.

ಗೋಷ್ಠಿಯ ಮೊದಲೇ ವಿದ್ಯಾರ್ಥಿನಿಯೊಬ್ಬರು ಚೀಟಿ ಕಳುಹಿಸಿದ್ದಾರೆ: ‘ಒಬ್ಬ ಮನುಷ್ಯನನ್ನು ಸಾಯಿಸಿದವನ ಪರ ನಿಲ್ಲಲು ಮನಸ್ಸು ಹೇಗೆ ಬರುತ್ತದೆ?’ ಪ್ರಾಮಾಣಿಕ ಪ್ರಶ್ನೆ. 1770ರ ಮಾರ್ಚ್ 5ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ ಬ್ರಿಟಿಷ್ ಸೈನಿಕರು ಗುಂಪಿನ ಮೇಲೆ ಗುಂಡು ಹಾರಿಸಿ ಐವರು ಸತ್ತರು. ಇಡೀ ಊರು ಕುದಿಯುತ್ತಿತ್ತು. ಆ ಸೈನಿಕರ ಪರ ನಿಂತವರು ಜಾನ್ ಆಡಮ್ಸ್ ಎಂಬ ಯುವ ವಕೀಲ. ಅವರೇ ಬ್ರಿಟಿಷ್ ಆಡಳಿತದ ವಿರೋಧಿ. ಗುಂಪು ದೊಣ್ಣೆ, ಮಂಜುಗಡ್ಡೆಗಳಿಂದ ದಾಳಿ ಮಾಡಿತ್ತು, ಸೈನಿಕರಿಗೆ ಪ್ರಾಣಭಯವಿತ್ತು, ಪ್ರಾಣಾಪಾಯ ಇರಲಿಲ್ಲವೆಂದರೂ ಉದ್ರೇಕವಂತೂ ಇತ್ತು ಎಂದು ವಾದಿಸಿದರು. ಎಂಟು ಸೈನಿಕರಲ್ಲಿ ಆರು ಮಂದಿ ಖುಲಾಸೆಯಾದರು. ನೇರವಾಗಿ ಗುಂಡು ಹಾರಿಸಿದ್ದು ಸಾಬೀತಾದ ಇಬ್ಬರು ಕೊಲೆಯಲ್ಲದ ನರಹತ್ಯೆಗೆ ದೋಷಿಗಳಾಗಿ, ಹೆಬ್ಬೆರಳಿಗೆ ಬರೆ ಹಾಕಿಸಿಕೊಂಡು ಬಿಡುಗಡೆಯಾದರು. ಆಡಮ್ಸ್ ಮುಂದೆ ಆ ದೇಶದ ಎರಡನೆಯ ಅಧ್ಯಕ್ಷರಾದರು.

ನಮ್ಮಲ್ಲಿ ಕೆಲವು ವಕೀಲರ ಸಂಘಗಳು ‘ಇಂಥವನ ಪರ ಯಾರೂ ವಕಾಲತ್ತು ಹಾಕಬಾರದು’ ಎಂದು ಠರಾವು ಮಾಡುತ್ತವೆ. 2010ರಲ್ಲಿ ತಮಿಳುನಾಡಿನ ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ಎಲ್ಲ ಠರಾವುಗಳೂ ಕಾನೂನುಬಾಹಿರ, ಅವಕ್ಕೆ ಬೆಲೆಯಿಲ್ಲ ಎಂದು ಹೇಳಿತು. ವಕೀಲನು ಅಪರಾಧವನ್ನು ಸಮರ್ಥಿಸುವುದಿಲ್ಲ. ಮಾಡಿದ್ದಕ್ಕೆ ಸರಿಯಾದ ಹೆಸರು ಯಾವುದು ಎಂದು ಕೇಳುತ್ತಾನೆ. ನನ್ನ ಅನುಭವದಲ್ಲಿ, ಸತ್ತವರ ಮನೆಯವರಿಗೂ ಪೂರ್ತಿ ಸತ್ಯ ಗೊತ್ತಾಗುವುದು ಆಪಾದಿತನ ಪರ ಒಬ್ಬರು ಸಮರ್ಥವಾಗಿ ಪಾಟೀಸವಾಲು ಮಾಡಿದಾಗಲೇ.

ಕಾನೂನು ಓದಬೇಕೆಂದಿರುವವರು ಪ್ರವೇಶ ಪರೀಕ್ಷೆಯ ಪುಸ್ತಕ ಕೊಳ್ಳುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ. ನಮ್ಮಲ್ಲಿ ವಿಚಾರಣೆ ನಡೆಯುವುದು ತೆರೆದ ನ್ಯಾಯಾಲಯದಲ್ಲಿ. ಕೆಲವು ವಿಶೇಷ ಪ್ರಕರಣಗಳನ್ನು ಬಿಟ್ಟರೆ ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬಹುದು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರ ಪಾಟೀಸವಾಲು ಇರುವ ದಿನ ಸಿಕ್ಕರೆ ಬಿಡಬೇಡಿ, ಫೋನನ್ನು ಮಾತ್ರ ಆಫ್ ಮಾಡಿಕೊಂಡು ಹೋಗಿ. ನಿಮ್ಮ ಉಳಿದ ಪ್ರಶ್ನೆಗಳನ್ನು ಊಟದ ನಂತರ ಕೇಳಬಹುದು.